ಕಪ್ಪು ಮನೆಗಿಂತ ಕಾಲುಸಂಕ ನೋಡಿ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಹೊಸನಗರ ಕಡೆಯ ತಾಯಿಯೊಬ್ಬರು ಜುಲೈನಲ್ಲಿ ಶಿವಮೊಗ್ಗಕ್ಕೆ, ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದಿದ್ದರು. ಜೊತೆಗೆ ಎರಡನೇ ಕ್ಲಾಸಿನ ಮಗ, ಚೀಲದಲ್ಲಿ ಅವನ ಡ್ರಾಯಿಂಗ್ ಪುಸ್ತಕ. "ಮೇಡಂ, ಮನೆಗೆಲ್ಲಾ ಕಪ್ಪು ಬಳೀತಾನೆ. ಕಪ್ಪು ಹಚ್ಚಿದ್ರೆ ಡಿಪ್ರೆಶನ್ ಅಂತೆ, ರೀಲ್ಸಲ್ಲಿ ನೋಡ್ದೆ" ಅಂದರು. ಹುಡುಗನಿಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಇರುವುದಿಲ್ಲ. ಡಾಕ್ಟರ್ ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದರು.

ಈ ರೀಲ್ಸ್ ಕಂಡರೆ ನನಗೆ ಸಿಟ್ಟು ಬರುತ್ತೆ. 1948ರಲ್ಲಿ ಜಾನ್ ಬಕ್ ಅನ್ನುವ ಮನಶ್ಶಾಸ್ತ್ರಜ್ಞರು ಮನಸ್ಸನ್ನು ತಿಳಿಯಲು ಮನೆ, ಮರ, ಮನುಷ್ಯನ ಚಿತ್ರ ಬಿಡಿಸುವ ಪರೀಕ್ಷೆ ತಂದರು, ಅಂಥವು ಇನ್ನೂ ಕೆಲವು ಬಂದವು. ಆದರೆ ಕಪ್ಪು ಅಂದ್ರೆ ದುಃಖ, ಕೈ ಬಿಡಿಸದಿದ್ದರೆ ಭಯ ಅಂತ ಒಂದೊಂದು ಗುರುತಿಗೂ ಒಂದೊಂದು ಅರ್ಥ ಹಚ್ಚುವುದು ಸಂಶೋಧನೆಯಲ್ಲಿ ನಿಲ್ಲಲಿಲ್ಲ. ಚಿತ್ರದ ಉಪಯೋಗ ಬೇರೆ ಇದೆ. ಸುಮ್ನೆ ಎದುರು ಕೂರಿಸಿ ಪ್ರಶ್ನೆ ಕೇಳಿದರೆ ಬಾಯಿ ಬಿಡದ ಮಗು, ಬಿಡಿಸುತ್ತಾ ಕೂತರೆ ಎಷ್ಟೋ ಸಲ ಜಾಸ್ತಿ ಮಾತಾಡುತ್ತೆ.

"ಶಾಲೆಗೆ ಹೋಗೋ ದಾರಿ ಬಿಡಿಸ್ತೀಯಾ ಪುಟ್ಟಾ?" ಅಂತ ಹಾಳೆ ಕೊಟ್ಟೆ. ಮನೆ ಮತ್ತೆ ಕಪ್ಪು. ಇದರ ಬಗ್ಗೆ ಹೇಳು ಅಂದೆ. "ಕರೆಂಟ್ ಇಲ್ಲ. ಮಳೆ." ಅಷ್ಟೇ! ಮಲೆನಾಡಿನ ಮಳೆಗಾಲ ಕಂಡವರು ಇದರಲ್ಲಿ ಕಾಯಿಲೆ ಹುಡುಕಬೇಕಾ?

ಆಮೇಲೆ ಹಳ್ಳ ಬಂತು, ಅರ್ಧ ಹಾಳೆಗಿಂತ ದೊಡ್ಡದು. ಅದರ ಮೇಲೆ ಅಡಿಕೆ ಮರದ ಕಾಲುಸಂಕ, ಅಂದ್ರೆ ನಡೆದು ದಾಟುವ ಸಣ್ಣ ಸೇತುವೆ. ಆಚೆ ಶಾಲೆ, ಈಚೆ ಒಬ್ಬ ಹುಡುಗ. "ಇವನು ಈಗ ಏನ್ ಮಾಡ್ತಾನೆ?" "ಅಕ್ಕ ದಾಟ್ತಾಳೆ. ಇವನು ನಿಂತ್ಕೋತಾನೆ. ಸಂಕ ಅಲ್ಲಾಡುತ್ತೆ." ಹಳ್ಳದಲ್ಲಿ ಕೊಚ್ಚಿಹೋದವರ ಸುದ್ದಿಯನ್ನು ದೊಡ್ಡವರು ರಾತ್ರಿ ಜಗಲಿಯಲ್ಲಿ ಮಾತಾಡಿದ್ದನ್ನೂ ಮಲಗಿದಲ್ಲಿಂದಲೇ ಕೇಳಿಸಿಕೊಂಡಿದ್ದ.

ಈ ಹೆದರಿಕೆ ಸುಳ್ಳಲ್ಲವಲ್ಲ. ಹಾಗಾಗಿ ತಾಯಿಗೆ ಹೇಳಿದೆ, ಕೌನ್ಸೆಲಿಂಗ್‌ಗಿಂತ ಮೊದಲು ಸಂಕಕ್ಕೆ ಗಟ್ಟಿಯಾದ ಕೈಹಿಡಿ ಕಟ್ಟಿಸಿ, ಮಳೆಗಾಲ ಮುಗಿಯುವವರೆಗೆ ದಿನಾ ದೊಡ್ಡವರೊಬ್ಬರು ಕೈ ಹಿಡಿದು ದಾಟಿಸಿ, ನೀರು ಏರಿದ ದಿನ ಶಾಲೆ ಬೇಡ ಅಂತ ಟೀಚರಿಗೂ ಮೊದಲೇ ತಿಳಿಸಿಡಿ. "ಗಂಡು ಹುಡುಗ, ಹೆದರ್ತೀಯಾ?" ಅನ್ನಬೇಡಿ. ಚಿತ್ರ ನೋಡಿದಾಗ "ಕಪ್ಪು ಯಾಕೆ?" ಬೇಡ, "ಇಲ್ಲಿ ಏನಾಗ್ತಿದೆ?" ಅಂತ ಕೇಳಿ. ತಿದ್ದಬೇಡಿ. ವಾಟ್ಸಾಪ್ ಸ್ಟೇಟಸ್ಸಿಗಂತೂ ಹಾಕಲೇಬೇಡಿ, ಅದು ಅವನು ನಿಮ್ಮನ್ನು ನಂಬಿ ಹೇಳಿದ ಮಾತು.

ಚಿತ್ರ ಹೇಗೇ ಇರಲಿ, ನಿದ್ದೆ, ಊಟ, ಆಟ ವಾರಗಟ್ಟಲೆ ಕೆಟ್ಟಿದ್ದರೆ ಮಗುವನ್ನು ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು. ಯಾರೋ ಹೊಡೆದರು, ಮುಟ್ಟಬಾರದ ಕಡೆ ಮುಟ್ಟಿದರು ಅಂತ ಮಗು ಹೇಳಿದರೆ ಮತ್ತೆ ಮತ್ತೆ ಕೆದಕಬೇಡಿ. ನಂಬಿ, ಆವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.