ಸಮುದ್ರ ಒಂದು ಡಿಗ್ರಿ ಬಿಸಿಯಾದರೆ ಏನಾಗುತ್ತದೆ?

"ಸಮುದ್ರ ಬರೀ ಒಂದು ಡಿಗ್ರಿ ಬಿಸಿಯಾದರೆ ಅಷ್ಟೇಕೆ ಗಾಬರಿ?" ಅಂತ ಕೇಳಿದ್ದೀರಿ. ಕೇಳುವುದಕ್ಕೆ ಚಿಕ್ಕದು, ನಿಜ. ಆದರೆ ನೀರು ಬಿಸಿಯಾಗಲು ಗಾಳಿಗಿಂತ ಎಷ್ಟೋ ಜಾಸ್ತಿ ಶಾಖ ಬೇಕು, ಅಲ್ವಾ? ನಾವು ಉರಿಸಿದ ಕಲ್ಲಿದ್ದಲು, ಪೆಟ್ರೋಲಿನಿಂದಾಗಿ ಭೂಮಿಯಲ್ಲೇ ಉಳಿದ ಹೆಚ್ಚುವರಿ ಶಾಖದಲ್ಲಿ ಸುಮಾರು ಶೇ. 90ರಷ್ಟನ್ನು ಸಮುದ್ರವೇ ನುಂಗಿಕೊಂಡಿದೆ. ಅಷ್ಟಾದರೂ 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷವಾಯಿತು. ಸಮುದ್ರದೊಳಗಿನ ಜೀವಿಗಳಾದ ಹವಳಗಳಂತೂ ನೀರಿನ ಬಿಸಿ ತಾಳಲಾರದೆ 2023ರಿಂದ ಜಗತ್ತಿನ ಎಷ್ಟೋ ಕಡೆ ಬಣ್ಣ ಕಳೆದುಕೊಂಡು ಬಿಳಿಚಿಕೊಂಡವು, ನನಗೆ ಅದೇ ದೊಡ್ಡ ಸಂಕಟ.

ಇನ್ನು ಈ ಬಿಸಿಗೂ ಬರಕ್ಕೂ ಇರುವ ನಂಟಿನ ವಿಷಯ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ಆವಿ ಹಿಡಿದುಕೊಳ್ಳಬಲ್ಲದು. ಮಳೆ ಇಲ್ಲದ ಕಡೆ ಅದು ಮಣ್ಣಿನ ತೇವವನ್ನೇ ಹೀರುತ್ತದೆ, ಒಣಗಿದ ಮಣ್ಣು ಇನ್ನೂ ಬೇಗ ಕಾಯುತ್ತದೆ, ಹಾಗಾಗಿ ಬರ, ಬಿಸಿಗಾಳಿ ಎರಡೂ ಎಷ್ಟೋ ಸಲ ಜೊತೆಯಾಗಿಯೇ ಬರುತ್ತವೆ.