ಓದುಗರ ಪ್ರಶ್ನೆ: ಪಾಠ ಎಲ್ಲಿ ಮುಗಿಯುತ್ತದೆ, ಪ್ರಚಾರ ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ಮಗಳು ಅನುದಾನಿತ ಶಾಲೆಯಲ್ಲಿ 8ನೇ ತರಗತಿ. ಶುಕ್ರವಾರದ ಕೊನೆಯ ಪೀರಿಯಡ್‌ನಲ್ಲಿ ಆಡಳಿತ ಮಂಡಳಿಯವರ ಧರ್ಮದ ಕ್ಲಾಸಿಗೆ ಎಲ್ಲರೂ ಕೂರಲೇಬೇಕಂತೆ. ಬೇಡ ಅನ್ನಬಹುದೇ?
— ಪೋಷಕರು, ಹಾಸನ

ಉತ್ತರ: ಧಾರಾಳವಾಗಿ. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯೇ ಕೂಡದು. ಅನುದಾನಿತ ಶಾಲೆಯಲ್ಲಿ ಇರಬಹುದು, ಆದರೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಪೂಜೆ, ಪ್ರಾರ್ಥನೆಗೂ ಇದೇ ಮಾತು.

ಬಾಯಿಮಾತಿನ ವಿನಂತಿ ನಿಲ್ಲುವುದಿಲ್ಲ. ಮುಖ್ಯೋಪಾಧ್ಯಾಯರಿಗೆ ಎರಡು ಪ್ರತಿ ಪತ್ರ ಕೊಡಿ, ಒಂದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ. ಆ ಹೊತ್ತಿನಲ್ಲಿ ಮಗಳು ಲೈಬ್ರರಿಯಲ್ಲಿ ಕೂರಲಿ ಎಂದು ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಕಾರಿಡಾರಿನಲ್ಲಿ ನಿಲ್ಲಿಸುತ್ತಾರೆ, ನೋಡಿದವರಿಗೆ ಶಿಕ್ಷೆಯಂತೆ ಕಾಣುತ್ತದೆ. ಕೆಲಸವಾಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಆದರೆ ಸಮಾಜ ಪಾಠದಲ್ಲಿ ಬುದ್ಧನೋ ಬಸವಣ್ಣನೋ ಬಂದರೆ ಆಕ್ಷೇಪಿಸಬೇಡಿ. ಗುರುನಾನಕರ ಜೀವನ, ಉಪದೇಶದ ಅಧ್ಯಯನ ಧಾರ್ಮಿಕ ಬೋಧನೆಯಲ್ಲ ಎಂದು ಪಂಜಾಬಿನ ಡಿಎವಿ ಕಾಲೇಜು ಪ್ರಕರಣದಲ್ಲಿ (1971) ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ಟಿಪ್ಪು ಪಾಠ ಬಂದರೆ ಎದೆ ಡವಗುಟ್ಟುತ್ತದೆ. ಏನು ಹೇಳಿದರೂ ಒಂದು ಕಡೆಯವರ ಸಿಟ್ಟು. ಬರೀ ಓದಿಸಿ ಮುಗಿಸಲೇ?
— ಶಿಕ್ಷಕಿ, ಮಂಡ್ಯ

ಉತ್ತರ: ಬೇಡ. ಪಶ್ಚಿಮ ಜರ್ಮನಿಯ ಬಾಯ್ಟೆಲ್ಸ್‌ಬಾಖ್‌ನಲ್ಲಿ 1976ರಲ್ಲಿ ನಡೆದ ಚರ್ಚೆಯಿಂದ ಒಂದು ಸೂತ್ರ ಹುಟ್ಟಿತು: ಶಿಕ್ಷಕರು ತಮ್ಮ ನಿಲುವನ್ನು ಮಕ್ಕಳ ಮೇಲೆ ಹೇರಬಾರದು, ಹೊರಗೆ ವಿವಾದವಿರುವುದು ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ಹಾಗೆಂದು ಎಲ್ಲವೂ ಅಭಿಪ್ರಾಯವಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದಕ್ಕೆ ಎರಡು ಪಕ್ಷವಿಲ್ಲ.

40 ನಿಮಿಷದ ಪೀರಿಯಡ್‌ನಲ್ಲಿ ಇಂಥ ಸಂಗತಿಗಳಿಗೆ ಹತ್ತು ನಿಮಿಷ ಸಾಕು. ಮುಂದಿನ ಇಪ್ಪತ್ತರಲ್ಲಿ ಎರಡು ವಿಷಯ ಅಕ್ಕಪಕ್ಕ ಇಡಿ: 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳು, ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು. ಸೆರೆಯಾದವರ ಸಂಖ್ಯೆ ಒಂದೊಂದು ಮೂಲದಲ್ಲಿ ಒಂದೊಂದು. ಯಾರು ಬರೆದರು, ಯಾವಾಗ, ಯಾರಿಗಾಗಿ ಎಂದು ಮಕ್ಕಳೇ ಕೇಳಲಿ. ತರಗತಿ ಕಾವೇರುವುದು ಇಲ್ಲೇ, ಗದ್ದಲಕ್ಕೆ ಹೆದರಬೇಡಿ. ಉಳಿದ ಹತ್ತು ನಿಮಿಷ ಬರವಣಿಗೆ.

ಎಡವಟ್ಟಾಗುವುದು ಹೆಚ್ಚಾಗಿ ಪ್ರಶ್ನೆಪತ್ರಿಕೆಯಲ್ಲಿ. 'ಟಿಪ್ಪು ದೇಶಪ್ರೇಮಿ, ಸಮರ್ಥಿಸಿ', 'ಟಿಪ್ಪು ಮತಾಂಧ, ಸಮರ್ಥಿಸಿ' ಎರಡಕ್ಕೂ ಒಂದೇ ರೋಗ: ಉತ್ತರ ಮೊದಲೇ ಬರೆದಾಗಿದೆ. 'ಶೃಂಗೇರಿಗೆ ನೆರವು, ಕೊಡಗಿನಲ್ಲಿ ದಂಡಯಾತ್ರೆ: ಕಾರಣವೇನಿರಬಹುದು?' ಎಂದು ಕೇಳಿ. ಅಂಕ ಕೊಡುವಾಗ ಹೆಸರು ಮುಚ್ಚಿಕೊಳ್ಳಿ, ನಿಮಗೆ ಒಪ್ಪಿಗೆಯಾಗದ ಉತ್ತರಗಳನ್ನು ಇನ್ನೊಮ್ಮೆ ಓದಿ. ಆಧಾರ ಗಟ್ಟಿಯಿದ್ದರೆ ಪೂರ್ಣ ಅಂಕ.