ತೋಟ ಕೊಳ್ಳುವ ಮೊದಲು ಒಂದು ಮಳೆಗಾಲ ಇದ್ದು ನೋಡಿ

ಬೆಂಗಳೂರು ಬಿಟ್ಟು, ವಯಸ್ಸಾದ ಅಮ್ಮನನ್ನೂ ಕರೆದುಕೊಂಡು ತೀರ್ಥಹಳ್ಳಿ ಹತ್ತಿರ 2 ಎಕರೆ ಅಡಿಕೆ ತೋಟ ಕೊಂಡು ನೆಲೆಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಬನ್ನಿ. ಆದರೆ ತೋಟ ಈಗಲೇ ಬೇಡ. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದು ನೋಡಿ. ಡಿಸೆಂಬರ್‌ನಲ್ಲಿ ಬಂದವರಿಗೆಲ್ಲ ಮಲೆನಾಡು ಇಷ್ಟ ಆಗುತ್ತದೆ. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎಷ್ಟೋ ಕಡೆ ನೆಟ್‌ವರ್ಕೂ ಹೋಗುತ್ತದೆ. ಮನೆಯಿಂದಲೇ ಆಫೀಸ್ ಕೆಲಸ ಮಾಡುವ ನಿಮಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಅಡಿಕೆ ಆದಾಯ ಒಂದನ್ನೇ ನಂಬಬೇಡಿ. ಹೊಸ ಸಸಿ ಫಸಲಿಗೆ ಬರಲು 5-6 ವರ್ಷ ಬೇಕು. ಬೆಳೆದ ತೋಟವಾದರೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಮಳೆಯ ಬಿಡುವು ನೋಡಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಸಬೇಕು. ಅದಕ್ಕೆ ಮರ ಹತ್ತುವವರು ಸಿಗುವುದೇ ಕಷ್ಟ. ಈಗ ಎಲೆಚುಕ್ಕಿ ರೋಗ ಬೇರೆ. ಸೋಗೆ (ಅಡಿಕೆ ಗರಿ) ಒಣಗಿ ನಿಂತ ತೋಟ ನೋಡಿದರೆ ನಿಜಕ್ಕೂ ಸಂಕಟ ಆಗುತ್ತದೆ.

ಪಹಣಿ ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಸರ್ವೆ ಮಾಡಿಸಿ. ಬೇಲಿ ಒಳಗಿನ ಜಾಗದಲ್ಲಿ ಸ್ವಲ್ಪ ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು) ಅಥವಾ ಅರಣ್ಯದ್ದು ಇರಬಹುದು.

ಅಮ್ಮನ ವಿಷಯಕ್ಕೆ ಬಂದರೆ, ದೊಡ್ಡ ಆಸ್ಪತ್ರೆಗೆ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕು. ಹಾಗಾಗಿ ತೋಟ ದೂರ ಇದ್ದರೂ ಪರವಾಗಿಲ್ಲ, ಮನೆ ಮಾತ್ರ ಪೇಟೆಯಲ್ಲೇ ಮಾಡಿ.